ಏಳನೆಯ ಗುಂಡಿ

ದ್ರೌಪತಿಯ ಮಟ್ಟಿಗೆ ಸಂಶಯ ಎನ್ನುವುದು ಬೇರೆಯವರಿಗೆ ಬರುವ ಕಾಯಿಲೆ. ಹುಮನಾಬಾದಿನ ಹತ್ತಿರದ ಹುಡಗಿ ಎಂಬ ಊರಿನ ಒಂಬತ್ತು ಹೆಂಗಸರನ್ನು ಕೂಡಿಸಿ ರೊಟ್ಟಿ ಸಂಘ ಕಟ್ಟುವಾಗ ಆಕೆಗೆ ಅದು ಬಂದಿರಲಿಲ್ಲ. ಊರಾಚೆ ಹನ್ನೆರಡು ವರ್ಷದಿಂದ ಬೀಗ ಹಾಕಿಕೊಂಡು ಬಿದ್ದಿದ್ದ ರಂಗಿನ ಫ್ಯಾಕ್ಟರಿಯ ಶೆಡ್ಡು ಸಂಘಕ್ಕೆ ಬೇಕೆಂದು ಅರ್ಜಿ ಹಿಡಿದು ಹುಮನಾಬಾದಿನ ಕಚೇರಿಯಲ್ಲಿ ಮೇಜಿನಿಂದ ಮೇಜಿಗೆ ಅಲೆಯುವಾಗಲೂ ಬಂದಿರಲಿಲ್ಲ. ಎಂಟು ತಿಂಗಳು ಅಲೆದು, ಕಡೆಗೆ ಶೆಡ್ಡಿನ ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡೇ ಊರಿಗೆ ಬಂದಳು. ಇನ್ನು ಉಳಿದದ್ದು ಒಂದೇ ಕಾಗದ. ಆ ಜಾಗದ ಮಣ್ಣು, ನೀರು ಎರಡೂ ಸರಿಯಾಗಿವೆ ಎಂದು ಪ್ರಯೋಗಾಲಯದವರು ಬರೆದುಕೊಡಬೇಕು. ಅದಿಲ್ಲದೆ ತಿನ್ನುವ ಪದಾರ್ಥ ಮಾಡಲು ಪರವಾನಗಿ ಸಿಗದು ಎಂದು ನಾಲ್ಕನೆಯ ಮೇಜಿನವನು ಹೇಳಿದ್ದ. ಅದೇನು ಮಹಾ, ಅದನ್ನೂ ತರಿಸಿದರಾಯಿತು ಎಂದು ದ್ರೌಪತಿ ಎದ್ದು ಬಂದಿದ್ದಳು.

ಬಸವಕಲ್ಯಾಣದಲ್ಲಿ ಖಾನಾವಳಿ ನಡೆಸುವ ರುಕ್ಮಿಣಿಬಾಯಿ ದಿನಕ್ಕೆ ಐದುನೂರು ಜೋಳದ ಖಡಕ್ ರೊಟ್ಟಿ ಕೊಳ್ಳಲು ತಯಾರಿದ್ದಳು. ಆದರೆ ಒಂಬತ್ತು ಮನೆಯಲ್ಲಿ ಒಂಬತ್ತು ಬಗೆಯಾಗಿ ಬಡಿದ ರೊಟ್ಟಿ ಆಕೆಗೆ ಬೇಡ. ಒಂದೇ ಸೂರಿನ ಕೆಳಗೆ, ಪರವಾನಗಿಯ ಹಲಗೆ ನೇತುಹಾಕಿದ ಕಡೆ ಬೇಯಿಸಿದ್ದು ಬೇಕು. ಸಂಘದವರಿಗೂ ಬೇಕಾದದ್ದು ಅದೇ. ಎಲ್ಲರಿಗಿಂತ ಹೆಚ್ಚಾಗಿ ಬೇಕಾದದ್ದು ಕೇಶರಬಾಯಿಗೆ. ದ್ರೌಪತಿಯ ಓಣಿಯಲ್ಲೇ ಬೆಳೆದು ಅದೇ ಓಣಿಗೆ ಸೊಸೆಯಾದ ಈ ಗೆಳತಿಯ ಮನೆ ಎಂದರೆ ಒಂದೇ ಕೋಣೆ. ಒಲೆಯ ಹೊಗೆ ಹೊರಗೆ ಹೋಗಬೇಕೆಂದರೂ ಬಾಗಿಲಿನಿಂದಲೇ ಹೋಗಬೇಕು. ಆಕೆಯ ಎರಡು ಕಣ್ಣೂ ಹಗಲೆಲ್ಲ ನೀರು ಸುರಿಸುತ್ತಿದ್ದವು. ಇನ್ನೆರಡು ವರ್ಷ ಹೀಗೇ ಹೊಗೆ ಕುಡಿದರೆ ಕಣ್ಣಿನ ಆಸೆ ಬಿಡಬೇಕು ಎಂದು ಹುಮನಾಬಾದಿನ ಡಾಕ್ಟರು ಹೇಳಿದ್ದರು. ಫ್ಯಾಕ್ಟರಿಯ ಶೆಡ್ಡೋ ಎರಡಾಳು ಎತ್ತರ, ನಾಲ್ಕೂ ಕಡೆ ಕಿಟಕಿ. ಅದರೊಳಗೆ ಮೊದಲ ಸಲ ಕಾಲಿಟ್ಟ ದಿನ ಕೇಶರಬಾಯಿ ಮೇಲೆ ನೋಡುತ್ತ ಬಹಳ ಹೊತ್ತು ನಿಂತುಬಿಟ್ಟಿದ್ದಳು. ಆಗ ದ್ರೌಪತಿಗೆ ತನ್ನ ಎಂಟು ತಿಂಗಳ ಅಲೆದಾಟ ಸಾರ್ಥಕವಾಯಿತು ಅನ್ನಿಸಿತ್ತು.

ಕಲಬುರಗಿಯ ಪ್ರಯೋಗಾಲಯದಿಂದ ಬಂದವಳು ವರ್ಷಾ. ಮೂವತ್ತು ದಾಟದ ಹೆಣ್ಣು, ಬಸವಕಲ್ಯಾಣದ ಕಡೆಯ ರಾಜೇಶ್ವರದವಳು. ಹಿಂದಿನ ಸಂಜೆಯೇ ಬಂದು, ಫ್ಯಾಕ್ಟರಿಯ ಹಳೆಯ ನಕ್ಷೆಯನ್ನು ನೆಲದ ಮೇಲೆ ಹಾಸಿ, ಆರು ಕಡೆ ಗೂಟ ಹೊಡೆದು ಹೋಗಿದ್ದಳು. ದ್ರೌಪತಿಯನ್ನು ಮೊದಲ ಮಾತಿಗೇ ‘ಮೌಶಿ’ ಎಂದು ಚಿಕ್ಕಮ್ಮನ ಹಾಗೆ ಕರೆದಿದ್ದಳು. ಅಷ್ಟಕ್ಕೇ ದ್ರೌಪತಿ ಆಕೆಯನ್ನು ತನ್ನ ಕಡೆಯವಳೆಂದು ಲೆಕ್ಕ ಹಾಕಿಬಿಟ್ಟಳು. ಹೋಗುವಾಗ ವರ್ಷಾ ಇಪ್ಪತ್ತನಾಲ್ಕು ಬಿಳಿ ಬಾಟಲಿಗಳಿದ್ದ ಪೆಟ್ಟಿಗೆಯನ್ನು ಶೆಡ್ಡಿನಲ್ಲಿ ಇಟ್ಟು, ಜೋಪಾನ ಎಂದಳು. ಮುಟ್ಟಬೇಡಿ ಎನ್ನಲಿಲ್ಲ. ಅದೊಂದು ಆಕೆ ಮಾಡಿದ ತಪ್ಪು.

ಯಾಕೆಂದರೆ ಜೋಪಾನ ಎಂಬ ಮಾತಿಗೆ ದ್ರೌಪತಿಯ ಬಳಿ ಒಂದೇ ಅರ್ಥವಿತ್ತು. ಆಕೆ ಪೆಟ್ಟಿಗೆ ತೆಗೆದು ನೋಡಿದಳು. ಒಂದೊಂದು ಬಾಟಲಿಯ ತಳದಲ್ಲೂ ನಾಲ್ಕಾರು ಹನಿ ನೀರಿನಂಥದು ನಿಂತಿತ್ತು. ಅಯ್ಯೋ, ಯಾರೋ ಕುಡಿದು ಬಿಟ್ಟ ಎಂಜಲು ಬಾಟಲಿಗಳನ್ನೇ ಕಟ್ಟಿ ಕಳಿಸಿದ್ದಾರಲ್ಲ, ಈ ಹುಡುಗಿಗೆ ನೋಡಿಕೊಳ್ಳುವಷ್ಟು ಪುರುಸೊತ್ತಿಲ್ಲ ಪಾಪ ಎಂದು ಮರುಗಿದಳು. ಮನೆಗೆ ಬಂದವರಿಗೆ ತಂಬಿಗೆಯನ್ನು ತಿಕ್ಕದೆ ನೀರು ಕೊಟ್ಟ ದಾಖಲೆ ಆಕೆಯ ವಂಶದಲ್ಲೇ ಇಲ್ಲ. ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಮನೆಗೆ ಒಯ್ದು, ಇಪ್ಪತ್ತನಾಲ್ಕನ್ನೂ ಒಲೆಯ ಬೂದಿ ಹಾಕಿ ತಿಕ್ಕಿ, ಮೂರು ಮೂರು ಸಲ ತೊಳೆದಳು. ಬೆರಳಿಗೆ ಎರಡು ಕಡೆ ಚುರ್ರೆಂದಿತು. ಬೂದಿ ಇನ್ನೂ ಆರಿರಲಿಲ್ಲವೇನೋ ಎಂದುಕೊಂಡಳು.

ಬೆಳಿಗ್ಗೆ ಎಂಟಕ್ಕೆ ವರ್ಷಾ ಬಂದಾಗ ಫ್ಯಾಕ್ಟರಿಯ ಅಂಗಳ ಮದುವೆ ಮನೆಯ ಅಂಗಳದಂತಿತ್ತು. ಗುಡ್ಡದಿಂದ ಎರಡು ಟ್ರ್ಯಾಕ್ಟರ್ ಕೆಂಪು ಮಣ್ಣು ತರಿಸಿ ಹರಡಿ, ಹೆಂಗಸರೆಲ್ಲ ಸೇರಿ ಸಗಣಿಯಿಂದ ಸಾರಿಸಿ, ಗೂಟಗಳ ಸುತ್ತ ರಂಗೋಲಿ ಹಾಕಿದ್ದರು. ಕಟ್ಟೆಯ ಮೇಲೆ ಬಾಟಲಿಗಳು ಬೋರಲಾಗಿ ಬಿಸಿಲು ಕಾಯುತ್ತಿದ್ದವು. ದ್ರೌಪತಿ ಹೊಸ ಇಳಕಲ್ಲ ಸೀರೆ ಉಟ್ಟು ನಿಂತಿದ್ದಳು. ವರ್ಷಾ ಒಮ್ಮೆ ಬಾಟಲಿಗಳನ್ನು, ಒಮ್ಮೆ ಅಂಗಳವನ್ನು ನೋಡಿ ಕಟ್ಟೆಯ ಮೇಲೆ ಕೂತುಬಿಟ್ಟಳು. ಬೇರೆಯವರಾಗಿದ್ದರೆ ಕೂಗಾಡುತ್ತಿದ್ದರು. ಈಕೆ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು.

ಆಮೇಲೆ ಸಮಾಧಾನವಾಗಿ ಬಿಡಿಸಿ ಹೇಳಿದಳು. ತಳದಲ್ಲಿದ್ದದ್ದು ಎಂಜಲಲ್ಲ, ಆಮ್ಲ. ನೀರಿನೊಳಗಿನ ಲೋಹ ಪ್ರಯೋಗಾಲಯ ಮುಟ್ಟುವವರೆಗೆ ಕೆಡದೆ ಇರಲಿ ಎಂದು ತಾವೇ ಹಾಕಿಟ್ಟದ್ದು. ಬೂದಿ ಮುಟ್ಟಿದ ಬಾಟಲಿ ಇನ್ನು ಆಕೆಯ ಕೆಲಸಕ್ಕೆ ಬಾರದು. ಮೇಲೆ ಹರಡಿದ್ದು ಗುಡ್ಡದ ಮಣ್ಣು. ಅದನ್ನು ಪರೀಕ್ಷೆ ಮಾಡಿದರೆ ಗುಡ್ಡಕ್ಕೆ ಪರವಾನಗಿ ಸಿಗಬಹುದು, ಶೆಡ್ಡಿಗಲ್ಲ. ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ದ್ರೌಪತಿ ಮಾತ್ರ ನಗಲಿಲ್ಲ. ತಪ್ಪಾಗಿದ್ದರೆ ತಿದ್ದಿದರಾಯಿತು ಎಂದು ತಾನೇ ಸಲಿಕೆ ಹಿಡಿದು ಮೊದಲ ಗೂಟದ ಸುತ್ತಲಿನ ಕೆಂಪು ಮಣ್ಣನ್ನು ಎಳೆಯತೊಡಗಿದಳು. ಹೊಸ ಸೀರೆಯ ಅಂಚು ಸಗಣಿಯಲ್ಲಿ ಆಡಿತು.

ವರ್ಷಾ ಕಲಬುರಗಿಗೆ ಫೋನು ಮಾಡಿದಳು. ಜೊತೆಗೆ ಕೆಲಸ ಮಾಡುವ ಮಹೇಶಕುಮಾರ ಹೊಸ ಬಾಟಲಿಗಳನ್ನು ಹಿಡಿದು ಬಸ್ಸಿಗೆ ಹುಮನಾಬಾದು ಮುಟ್ಟಿ, ಅಲ್ಲಿಂದ ಆಟೋದಲ್ಲಿ ಮಧ್ಯಾಹ್ನದ ಹೊತ್ತಿಗೆ ಬರುವುದೆಂದಾಯಿತು. ಅಲ್ಲಿಯವರೆಗೆ ಅಂಗಳದ ಬೋರಿನ ಪಂಪು ಓಡಲಿ ಎಂದಳು. ಕೊಳವೆಯಲ್ಲಿ ಎಷ್ಟೋ ದಿನದಿಂದ ನಿಂತ ನೀರು ಹೊರಗೆ ಹೋಗಿ, ನೆಲದೊಳಗಿನ ಹೊಸ ನೀರು ಬರಬೇಕಂತೆ. ಆಗ ಹಿಡಿದದ್ದೇ ಖರೇ ನೀರು. ನೀರಿನ ಗುಣ ಅಳೆಯುವ ಮೀಟರಿನ ಕಡ್ಡಿಯನ್ನು ಬಕೆಟ್ಟಿನಲ್ಲಿ ಇಳಿಬಿಟ್ಟು, ಅಂಕಿ ಒಂದೇ ಕಡೆ ನಿಲ್ಲುವ ತನಕ ಆಕೆ ಕಾದಳು. ಅಷ್ಟು ನೀರು ಸುಮ್ಮನೆ ಹರಿದು ಹೋಗುವುದನ್ನು ನೋಡಿ ಹೆಂಗಸರ ಹೊಟ್ಟೆ ಉರಿಯಿತು. ಆದರೆ ಆ ಹುಡುಗಿ ತನ್ನ ಕೆಲಸದಲ್ಲಿ ಪಳಗಿದವಳೆಂದು ದ್ರೌಪತಿಗೆ ಗೊತ್ತಾಗಿಹೋಯಿತು. ಹಂಚಿನ ಕಾವು ನೋಡದೆ ರೊಟ್ಟಿ ಹಾಕದವಳಿಗೆ ಇನ್ನೊಬ್ಬರ ಕೈಯ ಹದ ತಿಳಿಯದೆ ಇರುತ್ತದೆಯೇ.

ಮಧ್ಯಾಹ್ನ ಎಲ್ಲರೂ ಶೆಡ್ಡಿನಲ್ಲಿ ಕೂತು ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ ಉಂಡರು. ವರ್ಷಾ ಮೂರನೆಯ ರೊಟ್ಟಿ ಮುರಿಯುವಾಗ ದ್ರೌಪತಿಯ ಬಲಗೈಯನ್ನು ನೋಡಿದಳು. ಬೆರಳ ಗೆಣ್ಣುಗಳ ಮೇಲೆ ಜೋಳದ ಕಾಳಿನಷ್ಟು ದೊಡ್ಡ ಮೂರು ಗುಳಿಗಳಿದ್ದವು, ಹಳೆಯ ಗಾಯ ಮಾಯ್ದು ಉಳಿದವು. ಇಲ್ಲಿ ಕೆಲಸ ಮಾಡುತ್ತಿದ್ದಿರಾ ಎಂದು ಕೇಳಿದಳು.

ಎಂಟು ವರ್ಷ ಮಾಡಿದೆ ಎಂದು ದ್ರೌಪತಿ ಹೆಮ್ಮೆಯಿಂದಲೇ ಹೇಳಿದಳು. ಇಲ್ಲಿ ಹಳದಿ ರಂಗಿನ ಪುಡಿ ತಯಾರಾಗುತ್ತಿತ್ತು. ನೆಲ ಗುಡಿಸಿ ತೊಳೆಯುವುದು ಆಕೆಯ ಪಾಲಿನ ಕೆಲಸ. ರಂಗು ತಾಗಿದ ಕಡೆ ಹುಣ್ಣಾಗುತ್ತಿತ್ತು, ಮಾಯುತ್ತಿತ್ತು, ಅದನ್ನು ಯಾರೂ ದೊಡ್ಡದು ಮಾಡುತ್ತಿರಲಿಲ್ಲ. ಆ ತೊಳೆದ ನೀರು ಎಲ್ಲಿಗೆ ಹೋಗುತ್ತಿತ್ತು ಎಂದು ವರ್ಷಾ ಕೇಳಿದಳು, ರೊಟ್ಟಿಯ ಮೇಲೆ ಹಿಂಡಿ ಹಚ್ಚಿಕೊಳ್ಳುತ್ತಲೇ. ಮುಂದಿನ ಮೋರಿಗೆ ಎಂದಳು ದ್ರೌಪತಿ. ಉತ್ತರ ಎಷ್ಟು ಬೇಗ ಬಂತೆಂದರೆ ಆಕೆಗೇ ಆಶ್ಚರ್ಯವಾಯಿತು. ವರ್ಷಾಳ ನಕ್ಷೆಯಲ್ಲೂ ಮುಂದಿನ ಮೋರಿಯೇ ಇತ್ತು, ಆರೂ ಗೂಟಗಳು ಅದರ ಸುತ್ತಮುತ್ತಲೇ ಇದ್ದವು. ಇನ್ನೇನು ಬೇಕು?

ಮಹೇಶಕುಮಾರ ಬಂದ ಮೇಲೆ ಕೆಲಸ ಚುರುಕಾಯಿತು. ಇಬ್ಬರೂ ಉದ್ದನೆಯ ಬೈರಿಗೆಯನ್ನು ಕೈಯಿಂದ ತಿರುವುತ್ತ ನೆಲಕ್ಕೆ ಇಳಿಸಿ, ಗೇಣು ಗೇಣಿಗೆ ಮಣ್ಣು ಮೇಲೆತ್ತಿ, ಬಿಳಿ ತಾಟಿನಲ್ಲಿ ಸಾಲಾಗಿ ಇಟ್ಟರು. ಕೆಂಪು, ಅದರ ಕೆಳಗೆ ಇನ್ನೂ ಕೆಂಪು, ಅದರ ಕೆಳಗೆ ತೂತು ತೂತಾದ ಜಂಬಿಟ್ಟಿಗೆಯ ಚೂರು. ವರ್ಷಾ ಒಂದು ಚಿಟಿಕೆ ಮಣ್ಣನ್ನು ಗಾಜಿನ ನಳಿಗೆಗೆ ಹಾಕಿ, ಅದಕ್ಕೊಂದು ಪುಡಿ ಬೆರೆಸಿ ಅಲ್ಲಾಡಿಸುತ್ತಿದ್ದಳು. ರಂಗಿನ ವಿಷ ಇದ್ದರೆ ಅದು ನೇರಳೆಯಾಗುತ್ತದೆ ಎಂದು ಹೇಳಿದ್ದಳು. ಒಂದನೆಯದು ಆಗಲಿಲ್ಲ. ಎರಡು, ಮೂರು, ಆರರವರೆಗೂ ಆಗಲಿಲ್ಲ. ಬೋರಿನ ನೀರೂ ಆಗಲಿಲ್ಲ. ಪ್ರಯೋಗಾಲಯದಲ್ಲಿ ಇನ್ನೊಮ್ಮೆ ನೋಡಬೇಕು, ಆದರೆ ಇಲ್ಲಿಯ ಮಟ್ಟಿಗೆ ಎಲ್ಲ ಸಾಫ ಇದೆ ಎಂದು ವರ್ಷಾ ಹೇಳಿದಾಗ ಹೆಂಗಸರಲ್ಲಿ ಎಲ್ಲರಿಗಿಂತ ಕಿರಿಯಳಾದ ಮೀನಾ ಚಪ್ಪಾಳೆ ತಟ್ಟಿದಳು. ಕೇಶರಬಾಯಿ ಶೆಡ್ಡಿನೊಳಗೆ ಹೋಗಿ ತನ್ನ ಒಲೆ ಯಾವ ಕಿಟಕಿಯ ಕೆಳಗೆ ಎಂದು ಜಾಗ ಗುರುತು ಮಾಡಿ, ಮೂರು ಕಲ್ಲನ್ನೂ ಇಟ್ಟು ಬಂದಳು. ದ್ರೌಪತಿ ಸಂತೋಷದಿಂದ ಬೀಗಿದಳು. ನೋಡಿದಿರಾ, ಹೇಳಿರಲಿಲ್ಲವಾ ಎಂದು ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದಳು.

ಬಾಟಲಿಗಳನ್ನು ಬರ್ಫದ ಪೆಟ್ಟಿಗೆಗೆ ತುಂಬಿ, ವರ್ಷಾ ಕಟ್ಟೆಯ ಮೇಲೆ ಕೂತು ಬರೆಯತೊಡಗಿದಳು. ಮೊದಲ ಬಾಟಲಿಗಳನ್ನು ಯಾಕೆ ಬದಲಿಸಿದೆ ಎನ್ನುವುದನ್ನೂ ಪುಸ್ತಕದಲ್ಲಿ ಕಾಣಿಸಬೇಕಿತ್ತು. ಅದಕ್ಕೇ ಕೇಳಿದಳು, ಬೇರೆ ಯಾವ ಉದ್ದೇಶವೂ ಇಲ್ಲದೆ.

“ಮೌಶಿ, ಬಾಟ್ಲಿ ಯಾವ ನೀರಿನಾಗ ತೊಳದ್ರಿ? ಈ ಬೋರಿಂದೇನು?”

“ಈ ನೀರಿನಾಗ ಯಾಕ ತೊಳೀಲಿ? ಮಂದಿ ಬಾಟ್ಲಿ ಅವ. ಮನೀಗಿ ಒಯ್ದು ತೊಳದೀನಿ.”

“ಬೋರು ಇಲ್ಲೇ ಹತ್ತು ಹೆಜ್ಜಿ ಮ್ಯಾಲ ಅದಲ್ರಿ.”

ದ್ರೌಪತಿ ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿದ್ದ ಮೀನಾ ಹಿರಿಯಳ ಅಚ್ಚುಕಟ್ಟುತನವನ್ನು ಹೊಗಳುವ ಹುಮ್ಮಸ್ಸಿನಲ್ಲಿ ಉಳಿದದ್ದನ್ನೂ ಹೇಳಿಬಿಟ್ಟಳು. ಅಕ್ಕ ಚಹಾಕ್ಕೂ ಮನೆಯಿಂದಲೇ ನೀರು ತರುತ್ತಾಳೆ, ಎರಡು ತಿಂಗಳಿಂದ ದಿನಾ ಒಂದು ಕೊಡ ಹೊತ್ತು ತರುತ್ತಾಳೆ, ಇಲ್ಲಿಯ ನೀರನ್ನು ನಮಗೂ ಕುಡಿಯಲು ಬಿಡುವುದಿಲ್ಲ ಎಂದಳು. ವರ್ಷಾಳ ಪೆನ್ನು ನಿಂತಿತು. ಆಕೆ ಏನೂ ಕೇಳಲಿಲ್ಲ.

ಕೇಳಿದ್ದರೆ ಚೆನ್ನಾಗಿತ್ತು, ಕೇಳಿದವರಿಗೆ ಇನ್ನೊಂದು ಉತ್ತರ ಕೊಡಬಹುದಿತ್ತು. ಯಾರೂ ಕೇಳದೆ ಇದ್ದಾಗ ದ್ರೌಪತಿ ತನಗೆ ತಾನೇ ಉತ್ತರ ಕೊಡಬೇಕಾಯಿತು. ಫ್ಯಾಕ್ಟರಿ ನಡೆಯುತ್ತಿದ್ದ ಎಂಟು ವರ್ಷವೂ ಯಾರೊಬ್ಬರೂ ಇಲ್ಲಿಯ ನೀರು ಕುಡಿದವರಲ್ಲ. ಗೇಟಿನ ಒಳಗೆ ಬರುವಾಗ ಎಲ್ಲರ ಕೈಯಲ್ಲೂ ಮನೆಯ ನೀರಿನ ಡಬ್ಬಿ ಇರುತ್ತಿತ್ತು. ಯಾಕೆ ಎಂದು ಯಾರೂ ಮಾತಾಡಿಕೊಂಡಿರಲಿಲ್ಲ. ತೊಳೆದ ನೀರು ಮುಂದಿನ ಮೋರಿಗೆ ಹೋಗುತ್ತಿದ್ದದ್ದು ಸಾಹೇಬರು ನೋಡಲು ಬಂದ ದಿನ ಮಾತ್ರ. ಉಳಿದ ದಿನ ಹಿತ್ತಿಲ ಗೋಡೆಯ ಪಕ್ಕದ ಹೊಂಡಕ್ಕೆ. ಫ್ಯಾಕ್ಟರಿ ಮುಚ್ಚುವ ವಾರ ಮ್ಯಾನೇಜರು ಆ ಹೊಂಡಕ್ಕೆ ಮಣ್ಣು ಹಾಕಿಸಿದ್ದ. ಬುಟ್ಟಿ ಹೊತ್ತವರು ಆರು ಹೆಂಗಸರು. ಇಬ್ಬರು ತೀರಿಕೊಂಡಿದ್ದರು, ಮೂವರು ಊರು ಬಿಟ್ಟಿದ್ದರು. ಹನ್ನೆರಡು ಮಳೆಗಾಲ ಕಳೆಯಿತು, ಎಲ್ಲ ತೊಳೆದುಹೋಗಿರುತ್ತದೆ ಎಂದು ಆರನೆಯವಳು ನಂಬಿದ್ದಳು. ಅಷ್ಟು ಗಟ್ಟಿಯಾಗಿ ನಂಬಿದವಳು ದಿನಾ ಒಂದು ಕೊಡ ನೀರನ್ನು ಒಂದು ಮೈಲಿ ಹೊತ್ತು ತಂದದ್ದು ಯಾಕೆ? ದ್ರೌಪತಿಗೆ ನಾಚಿಕೆಯಾಯಿತು. ಜನ್ಮದಲ್ಲಿ ಅಷ್ಟು ನಾಚಿಕೆ ಆಗಿರಲಿಲ್ಲ.

ಆದರೂ ಕೇಶರಬಾಯಿ ಇಟ್ಟ ಮೂರು ಕಲ್ಲು ಕಿಟಕಿಯೊಳಗಿಂದ ಕಾಣುತ್ತಿದ್ದವು. ಬೋರಿನ ನೀರು ಈಗ ಸಾಫ ಇದೆಯಲ್ಲ ಎಂದು ದ್ರೌಪತಿ ಕೇಳಿದಳು. ಈಗ ಇದೆ ಎಂದಳು ವರ್ಷಾ.

“ಎಲ್ಲೋ ಒಂದು ಕಡೆ ಕೆಟ್ಟದ್ದು ಹೂತಿತ್ತು ಅಂತ ಇಟಗೋರಿ. ಅದು ಇಲ್ಲಿತನಕ ಬರ್ತದೇನು?”

“ಇಷ್ಟು ವರ್ಷ ಪಂಪು ಬಂದ್ ಇತ್ತು, ನೀರು ಇದ್ದಲ್ಲೇ ಇತ್ತು. ನೀವು ದಿನಾ ಪಂಪು ಹಚ್ಚಿದ್ರ ಬೋರು ಸುತ್ತಲಿಂದು ಎಲ್ಲಾ ತನ್ನ ಕಡೆ ಎಳಕೋತದ. ಈ ಜಂಬಿಟ್ಟಿಗಿ ಕಲ್ಲಿನಾಗ ಎಲ್ಲಾ ಕಡೆ ತೂತು, ತಡ್ಯಾಂಗಿಲ್ಲ.” ವರ್ಷಾ ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡಳು. “ನಾ ಆರು ಕಡೆ ಅಗದೀನಿ ಮೌಶಿ. ನನ್ನ ಕಾಗದ ಆರು ಕಡೆದ್ದೇ ಹೇಳ್ತದ. ಏಳನೇ ಕಡೆ ಏನದ ಅಂತ ಅದಕ್ಕ ಹ್ಯಾಂಗ ಗೊತ್ತಾಗಬೇಕು?”

ದಿನಕ್ಕೆ ಐದುನೂರು ರೊಟ್ಟಿ. ಅಷ್ಟು ಹಿಟ್ಟು ನಾದಲು ಎಷ್ಟು ಕೊಡ ನೀರು ಬೇಕೆಂದು ದ್ರೌಪತಿಗೆ ಬಾಯಿಪಾಠವಿತ್ತು. ಅಷ್ಟನ್ನು ತಲೆಯ ಮೇಲೆ ಮನೆಯಿಂದ ತರಲಾಗದು. ಬೋರಿನದ್ದೇ ಹಾಕಬೇಕು, ಬಸವಕಲ್ಯಾಣದವರಿಗೆ ಅದನ್ನೇ ತಿನ್ನಿಸಬೇಕು. ಇಲ್ಲಿಯವರೆಗೆ ತನ್ನವರಿಗೆ ಮಾತ್ರ ಮನೆಯ ನೀರು ತಂದುಕೊಟ್ಟವಳು ತಾನು.

ಆಕೆ ಗೋಡೆಗೆ ಒರಗಿಸಿದ್ದ ಸಲಿಕೆಯನ್ನು ತೆಗೆದುಕೊಂಡು, ಯಾರನ್ನೂ ಕರೆಯದೆ, ಶೆಡ್ಡಿನ ಹಿಂದಕ್ಕೆ ನಡೆದಳು. ಹಿತ್ತಿಲ ಗೋಡೆಯಿಂದ ಎಂಟು ಹೆಜ್ಜೆ ಎಣಿಸಿ, ಬಳ್ಳಾರಿ ಜಾಲಿಯ ಒಂದು ಪೊದೆಯನ್ನು ಕಾಲಿನಿಂದ ಬದಿಗೆ ಒತ್ತಿ ನಿಂತಳು. ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಅಲ್ಲಿಗೆ ಹೋಗದವಳಿಗೆ ಜಾಗ ಒಂದು ಗೇಣೂ ತಪ್ಪಲಿಲ್ಲ.

“ಇಲ್ಲಿ ಅಗೀರಿ,” ಎಂದಳು, ಹಿಂದೆಯೇ ಬಂದ ವರ್ಷಾಳಿಗೆ.

ವರ್ಷಾ ಕೈಗವಸು ಹಾಕಿಕೊಂಡಳು, ದ್ರೌಪತಿಗೂ ಒಂದು ಜೊತೆ ಕೊಟ್ಟು ಹಾಕಿಕೊಳ್ಳಲೇಬೇಕೆಂದಳು. ಬೈರಿಗೆ ಮೊಳ ಇಳಿಯುವವರೆಗೆ ಮೇಲೆ ಬಂದದ್ದು ಊರ ಕಡೆಯ ಕಪ್ಪು ಮಣ್ಣು, ಆರು ಹೆಂಗಸರು ಬುಟ್ಟಿಯಲ್ಲಿ ಹೊತ್ತು ತಂದದ್ದು. ಅದರ ಕೆಳಗಿನದು ಹಳದಿ. ಒದ್ದೆಯಾಗಿ, ಅರಿಸಿನ ಕಲಸಿದ ಹಿಟ್ಟಿನಂತೆ ಬೈರಿಗೆಗೆ ಅಂಟಿಕೊಂಡು ಬಂತು. ಹನ್ನೆರಡು ಮಳೆಗಾಲ ಅದಕ್ಕೆ ಏನೂ ಮಾಡಿರಲಿಲ್ಲ. ವರ್ಷಾ ಗಾಜಿನ ನಳಿಗೆಯನ್ನು ಅಲ್ಲಾಡಿಸಬೇಕಾಗಿಯೇ ಬರಲಿಲ್ಲ. ಪುಡಿ ಬಿದ್ದ ಕೂಡಲೇ ನೇರಳೆ ಹಣ್ಣು ಹಿಸುಕಿದ ಬಣ್ಣ ಬಂತು.

ಸುತ್ತ ನಿಂತವರು ಅದನ್ನು ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇನ್ನು ಇಲ್ಲಿ ಒಲೆ ಹೂಡುವಂತಿಲ್ಲ ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ವರ್ಷಾ ಹೇಳಿದಳು, ಅದು ಆಕೆಯ ಕೆಲಸ. ಈ ಹೊಂಡವನ್ನು ತೆಗೆದು ಸಾಗಿಸುವವರೆಗೆ ಬೋರಿಗೆ ಬೀಗ ಹಾಕಬೇಕು. ಅದಕ್ಕೆ ವರ್ಷಗಳೇ ಹಿಡಿಯಬಹುದು. ಆದರೆ ಇನ್ನೂ ಊರ ಬಾವಿಗಳ ಕಡೆ ಹರಿಯುವ ಮೊದಲೇ ಸಿಕ್ಕಿದೆ, ಇದನ್ನು ತಡೆಯಲು ಆಗುತ್ತದೆ ಎಂದೂ ಹೇಳಿದಳು. ಆ ಕಡೆಯ ಮಾತನ್ನು ಕೇಶರಬಾಯಿ ಕೇಳಿಸಿಕೊಳ್ಳಲಿಲ್ಲ. ಆಕೆ ದ್ರೌಪತಿಯನ್ನೇ ನೋಡುತ್ತಿದ್ದಳು.

“ಹನ್ನೆರಡು ವರ್ಷ ಸುಮ್ಮ ಇದ್ದಿ. ಇವತ್ತೊಂದು ದಿನ ಸುಮ್ಮ ಇರಲಾಕ ಏನಾಗಿತ್ತು ನಿನಗ?”

ಗೆಳತಿಯ ಕಣ್ಣಿನಿಂದ ಇಳಿಯುತ್ತಿದ್ದದ್ದು ಹೊಗೆಯ ನೀರೋ ಅಳುವೋ ಎಂದು ದ್ರೌಪತಿಗೆ ತಿಳಿಯಲಿಲ್ಲ. ಕೇಶರಬಾಯಿ ತಿರುಗಿ ಗೇಟಿನ ಕಡೆ ನಡೆದಳು. ಉಳಿದವರು ಹೋಗಬೇಕೋ ನಿಲ್ಲಬೇಕೋ ತಿಳಿಯದೆ ನಿಂತರು. ಆಗ ದ್ರೌಪತಿ ಕೈಗವಸು ತೆಗೆದು, ಮುಖ ಒರೆಸಿಕೊಂಡು, ಅವರನ್ನೆಲ್ಲ ನೋಡಿ ಹೇಳಿದಳು: ರುಕ್ಮಿಣಿಬಾಯಿಗೆ ನಾಳೆ ತಾನೇ ಹೋಗಿ ಇದ್ದದ್ದು ಇದ್ದ ಹಾಗೆ ತಿಳಿಸುತ್ತಾಳೆ, ಇನ್ನೊಂದು ಜಾಗವನ್ನೂ ತಾನೇ ಹುಡುಕುತ್ತಾಳೆ, ಎಂಟು ತಿಂಗಳು ಅಲೆದವಳಿಗೆ ಇನ್ನೆಂಟು ತಿಂಗಳು ಹೆಚ್ಚಲ್ಲ. ಅದು ಸಿಗುವ ತನಕ ಕೇಶರಬಾಯಿಯ ಪಾಲಿನ ರೊಟ್ಟಿ ತನ್ನ ಒಲೆಯ ಮೇಲೆ ಬೇಯುತ್ತದೆ, ಆಕೆ ಬಯಲಲ್ಲಿ ಕೂತು ಹಿಟ್ಟು ನಾದಿದರೆ ಸಾಕು. ಧ್ವನಿ ಎಂದಿನಂತೆಯೇ ಇತ್ತು. ಈ ಹೆಂಗಸಿಗೆ ಸೋಲುವುದು ಹೇಗೆಂದು ಯಾರೂ ಕಲಿಸಿರಲಿಲ್ಲ.

ವರ್ಷಾ ಮತ್ತೆ ಪುಸ್ತಕ ತೆರೆದಳು. ಏಳನೆಯ ಗುಂಡಿ ನಕ್ಷೆಯಲ್ಲಿ ಇಲ್ಲದ್ದು. ಆ ಜಾಗವನ್ನು ಯಾಕೆ ಆರಿಸಿಕೊಂಡೆ ಎಂದು ಬರೆಯಲು ಒಂದು ಕಾಲಮು ಇತ್ತು. ‘ಸ್ಥಳೀಯರ ಮಾಹಿತಿ’ ಎಂದು ಬರೆದರೆ ನಡೆಯುತ್ತದೆ, ಹೆಸರು ಬೇಕಿಲ್ಲ, ನಾಳೆ ವಿಚಾರಣೆ ಬಂದರೂ ನಿಮ್ಮನ್ನು ಯಾರೂ ಕೇಳುವುದಿಲ್ಲ ಎಂದು ಮೆಲ್ಲಗೆ ಹೇಳಿದಳು. ಮೌಶಿಯನ್ನು ಉಳಿಸಬೇಕೆಂದು ಆಕೆಗೆ ನಿಜವಾಗಿಯೂ ಅನ್ನಿಸಿತ್ತು.

“ಸ್ಥಳೀಯರು ಅಂದ್ರ ಯಾರ್ರಿ?” ಎಂದಳು ದ್ರೌಪತಿ. “ನನ್ನ ಹೆಸರ ಬರೀರಿ. ದ್ರೌಪತಿ, ಈ ಹೊಂಡಾ ಮುಚ್ಚಿದಾಕಿ ಅಂತ ಮೊದಲ ಬರೀರಿ. ತೋರಿಸಿದಾಕಿ ಅನ್ನೋದು ಅದರ ಕೆಳಗ ಬರಲಿ.”

ವರ್ಷಾ ಆಕೆ ಹೇಳಿದ ಹಾಗೆಯೇ, ಹೇಳಿದ ಕ್ರಮದಲ್ಲೇ ಬರೆದಳು. ದ್ರೌಪತಿ ಓದಿ ಹೇಳೆಂದಳು. ವರ್ಷಾ ಮೆಲ್ಲಗೆ ಓದಿದಳು. ಗೇಟಿನ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದ ಕೇಶರಬಾಯಿಗೂ ಕೇಳಿಸಬೇಕೆಂದು ದ್ರೌಪತಿ ಅದನ್ನು ಇನ್ನೊಮ್ಮೆ, ಗಟ್ಟಿಯಾಗಿ ಓದಿಸಿದಳು.